ಮೀಟರು ದಾಟಿದ ನೀರು

ಆ ಭಾನುವಾರ ಬೆಳಿಗ್ಗೆ ಮಜೀದಾ ಆಪಾರ ಬಾಗಿಲು ತಟ್ಟಿದ ಮಾಧುರಿಯ ಒಂದು ಕಾಲಲ್ಲಿ ಮನೆಯ ಸ್ಲಿಪ್ಪರು, ಇನ್ನೊಂದರಲ್ಲಿ ಆಫೀಸಿನ ಶೂ ಇತ್ತು. ಶ್ರೀಕಂಠ ಮೊದಲು ಅದನ್ನು ನೋಡಿದ, ಆಮೇಲೆ ಅವಳ ಮುಖ ನೋಡಿದ, ಬಾಯಿಗಿಡಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ವಾಪಸು ಹಾಕಿದ.

ಶ್ರೀಕಂಠ ಹಗ್ಗ ಕಂಡರೂ ಹಾವೆನ್ನುವ ಆಸಾಮಿ. ಅದು ತೊಂಬತ್ತೊಂಬತ್ತರ ನವೆಂಬರು. ಹೊಸ ವರ್ಷ ಹುಟ್ಟಿದ ಕ್ಷಣ ಜಗತ್ತಿನ ಕಂಪ್ಯೂಟರುಗಳೆಲ್ಲ ತಲೆತಿರುಗಿ ಬೀಳುತ್ತವೆ ಎಂದು ಎಲ್ಲರೂ ಹೆದರಿದ್ದ, ಆ ಹೆದರಿಕೆಗೆ ವೈ-ಟು-ಕೆ ಎಂದು ಹೆಸರಿಟ್ಟಿದ್ದ ಕಾಲ. ಹಾಗೆ ಬೀಳದಂತೆ ಪರೀಕ್ಷಿಸುವುದೇ ಶ್ರೀಕಂಠನ ನೌಕರಿ. ಹೆದರಿಕೊಳ್ಳುವುದಕ್ಕೇ ಸಂಬಳ ಪಡೆಯುತ್ತಿದ್ದ ಅದೃಷ್ಟವಂತ. ಮೌಂಟನ್ ವ್ಯೂನ ಮಜೀದಾ ಆಪಾರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ಆಪಾ ಕಾರು ಕಲಿತವರಲ್ಲ, ಹಾಗಾಗಿ ಅವರ ಸಾರಥ್ಯವೂ ಇವನದೇ.

ಎಲ್ಲರೂ ಆಪಾ, ಅಂದರೆ ಅಕ್ಕ, ಎಂದು ಕರೆಯುವ ಮಜೀದಾ ಮೈಸೂರಿನವರು. ಸುತ್ತಲಿನ ಊರುಗಳಿಗೆಲ್ಲ ಕುಡಿಯುವ ನೀರು ಪೂರೈಸುವ ಜಲಸಂಸ್ಥೆಯ ಪ್ರಯೋಗಾಲಯದಲ್ಲಿ ಬಹಳ ವರ್ಷಗಳಿಂದ ರಸಾಯನ ತಜ್ಞೆ. ಕನ್ನಡದವರ ಮನೆಗಳಲ್ಲಿ ಏನೇ ಕಳುವಾದರೂ, ಯಾರ ಮೇಲೆ ಯಾರಿಗೇ ಅನುಮಾನ ಬಂದರೂ, ಪೊಲೀಸರಿಗಿಂತ ಮುಂಚೆ ಜನ ಹುಡುಕಿ ಬರುತ್ತಿದ್ದುದು ಈ ಹೆಂಗಸನ್ನು. ದನಿ ಏರಿಸದೆ ನಾಲ್ಕು ಪ್ರಶ್ನೆ ಕೇಳಿ, ಐದನೆಯದಕ್ಕೆ ಉತ್ತರ ತಾವೇ ಹೇಳುವುದು ಅವರ ರೀತಿ.

"ಆಪಾ, ಮಗೂನ ಕೊಡಲ್ಲ ಅಂತಿದಾರೆ," ಎಂದಳು ಮಾಧುರಿ. "ಚಿನ್ಮಯಿ ಹುಷಾರಾಗಿದಾಳೆ. ಆದ್ರೂ ಮನೆಗೆ ಕಳಿಸಲ್ವಂತೆ."

ಆಪಾ ಅವಳನ್ನು ಕೂರಿಸಿ ಮೊದಲಿನಿಂದ ಹೇಳಿಸಿದರು. ಚಿನ್ಮಯಿಗೆ ಐದು ತಿಂಗಳು. ಶುಕ್ರವಾರ ಬೆಳಿಗ್ಗೆ ತೊಟ್ಟಿಲಿಗೆ ಬಗ್ಗಿದಾಗ ಮಗುವಿನ ತುಟಿ ಬೂದಿಗಟ್ಟಿತ್ತು, ಉಗುರುಗಳು ನೀಲಿಯಾಗಿದ್ದವು. ಅಳುವುದಕ್ಕೂ ಶಕ್ತಿಯಿರಲಿಲ್ಲ. ಆಸ್ಪತ್ರೆಯಲ್ಲಿ ತೆಗೆದ ರಕ್ತ ಕೆಂಪಗಿರಲಿಲ್ಲ, ಕಾಫಿ ಕಷಾಯದ ಬಣ್ಣಕ್ಕಿತ್ತು. ನೈಟ್ರೈಟ್ ಎಂಬ ಲವಣ ಹೊಟ್ಟೆಗೆ ಹೋಗಿದೆ, ಉಸಿರಾಡಿದರೂ ಪ್ರಾಣವಾಯುವನ್ನು ಹೊರುವ ಶಕ್ತಿ ರಕ್ತಕ್ಕಿಲ್ಲ ಎಂದರು ಡಾಕ್ಟರು. ಚುಚ್ಚುಮದ್ದು ಕೊಟ್ಟರು, ಮಗು ಉಳಿಯಿತು. ಆದರೆ ಆ ಲವಣ ಬಂದದ್ದೆಲ್ಲಿಂದ?

"ನಲ್ಲಿ ನೀರು ಟೆಸ್ಟ್ ಮಾಡಿದ್ರು. ಏನೂ ಇಲ್ಲ. ಹಾಲಿನ ಪುಡಿ ಡಬ್ಬೀನೂ ಟೆಸ್ಟ್ ಮಾಡಿದ್ರು. ಅದೂ ಸರಿಯಿದೆ. ಆಮೇಲೆ ಮನೇಲಿ ಬೇರೆ ಏನಾದ್ರೂ ಕೊಡ್ತೀರಾ ಅಂತ ಕೇಳಿದ್ರು." ಮಾಧುರಿ ತಲೆ ತಗ್ಗಿಸಿದಳು. "ನಾನೇ ಹೇಳ್ಬಿಟ್ಟೆ. ನಮ್ಮತ್ತೆ ಬಜೆ ತೇಯ್ದು ನೆಕ್ಕಿಸ್ತಾರೆ ಅಂತ."

ಅಷ್ಟು ಸಾಕಾಗಿತ್ತು. ಗದಗಿನಿಂದ ಬಾಣಂತನಕ್ಕೆಂದು ಬಂದು ಉಳಿದಿದ್ದ ಅತ್ತೆ ನೀಲವ್ವನ ಚೀಲದಿಂದ ಬಜೆ, ಜಾಯಿಕಾಯಿ, ಅಳಲೆಕಾಯಿ ಎಲ್ಲ ಪರೀಕ್ಷೆಗೆ ಹೋದವು. ವರದಿ ಬರಲು ದಿನ ಹಿಡಿಯುತ್ತದೆ. ಅಲ್ಲಿಯತನಕ ಕಾಯುವ ವ್ಯವಧಾನ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಮಕ್ಕಳ ರಕ್ಷಣೆಯ ಕಚೇರಿಗೆ ಇರಲಿಲ್ಲ. ಸೋಮವಾರ ಬೆಳಿಗ್ಗೆ ಅಧಿಕಾರಿಣಿ ಮನೆಗೆ ಬಂದು ನಿರ್ಧರಿಸುತ್ತಾಳೆ: ಒಂದೋ ಅಜ್ಜಿ ಆ ಮನೆ ಬಿಡಬೇಕು, ಇಲ್ಲವೇ ಮಗು ಗುರುತು ಪರಿಚಯವಿಲ್ಲದ ಯಾರದೋ ಮನೆಯಲ್ಲಿ ಬೆಳೆಯಬೇಕು.

"ನಿನಗೂ ಅವರ ಮೇಲೆ ಅನುಮಾನ ಇದೆಯಾ?" ಎಂದು ಕೇಳಿದರು ಆಪಾ.

"ಗೊತ್ತಿಲ್ಲ ಆಪಾ. ಅವರು ಪಕ್ಕದ ರೂಮಲ್ಲಿದ್ರೆ ನನಗೆ ಭಯ ಆಗುತ್ತೆ. ಹಾಗೆ ಭಯ ಪಡೋದಕ್ಕೆ ನಾಚಿಕೇನೂ ಆಗುತ್ತೆ. ಸಂತೋಷ್ ಅಂತೂ ಶುಕ್ರವಾರದಿಂದ ಅಮ್ಮನ ಜೊತೆ ಮಾತೇ ಆಡಿಲ್ಲ."

ಆಪಾ ಎದ್ದು ಚಾದರ ಹೊದ್ದುಕೊಂಡರು. ಕಾರು ಹತ್ತಿದ ಮೇಲೆ ಶ್ರೀಕಂಠನಿಗೆ ತಡೆಯಲಾಗಲಿಲ್ಲ. "ಆಪಾ, ನೀರು ನಿಮ್ಮ ಸಂಸ್ಥೇದೇ ಅಲ್ವಾ? ಅದರಲ್ಲೇ ಏನಾದ್ರೂ ಇದ್ರೆ? ನಾವೂ ಅದನ್ನೇ ತಾನೆ ಕುಡಿಯೋದು?"

"ಅಣೆಕಟ್ಟಿನಿಂದ ನಿಮ್ಮ ಮನೆ ಮುಂದಿನ ಮೀಟರಿನವರೆಗೆ ದಿನವೂ ಹತ್ತಾರು ಕಡೆ ನೀರು ತೆಗೆದು ನೋಡ್ತೀವಿ. ಅಲ್ಲಿವರೆಗೆ ನಾನು ಹೊಣೆ," ಎಂದರು ಆಪಾ. "ಮೀಟರು ದಾಟಿ ಒಳಗೆ ಹೋದ ಮೇಲೆ ಅದು ಯಾರ ಸಹವಾಸ ಮಾಡುತ್ತೋ ನನಗೆ ಗೊತ್ತಾಗಲ್ಲ. ಹೆಣ್ಣು ಕೊಟ್ಟ ಮನೆಯ ಹಾಗೆ."

ಶ್ರೀಕಂಠನಿಗೆ ಇದರಿಂದ ಸಮಾಧಾನವೇನೂ ಆಗಲಿಲ್ಲ. ದಾರಿಯುದ್ದಕ್ಕೂ ಅವನು ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಲೇ ಕಾರು ಓಡಿಸಿದ.

ಅದೊಂದು ಹಳೆಯ ಎರಡಂತಸ್ತಿನ ಅಪಾರ್ಟ್‌ಮೆಂಟು, ಆರು ಮನೆ. ಮಾಲೀಕ ಅನಂತಪದ್ಮನಾಭ ಷೇರು ಮಾರಿದ ದುಡ್ಡಿನಲ್ಲಿ ಅದನ್ನು ಕೊಂಡು, ತಾನು ಲಾಸ್ ಗ್ಯಾಟೋಸಿನ ಗುಡ್ಡದ ಮೇಲೆ ವಾಸವಾಗಿದ್ದ. ಕಟ್ಟಡದ ಮೇಲ್ವಿಚಾರಣೆ ನೋಡಿಕೊಳ್ಳುವ ಕರಾರಿನ ಮೇಲೆ ಕೆಳಗಿನ ಮನೆಯನ್ನು ಮಾಧುರಿಯ ಗಂಡ ಸಂತೋಷಕುಮಾರನಿಗೆ ಕಡಿಮೆ ಬಾಡಿಗೆಗೆ ಕೊಟ್ಟಿದ್ದ. ಬಾಡಿಗೆಗಳು ಆಕಾಶಕ್ಕೇರಿದ್ದ ಆ ದಿನಗಳಲ್ಲಿ ಅದು ದೊಡ್ಡ ಆಸರೆ.

ಅವರು ಒಳಗೆ ಕಾಲಿಟ್ಟರು. ಸಂತೋಷಕುಮಾರ ಕಂಪ್ಯೂಟರಿನ ಮುಂದೆ ಕುಳಿತಿದ್ದ, ಪರದೆ ಕಪ್ಪಾಗಿತ್ತು. ಕಚೇರಿಗಳಿಗೆ ನೆಟ್‌ವರ್ಕಿನ ವೈರು ಎಳೆಯುವುದು ಅವನ ಕೆಲಸ. ಮನೆಯ ವೈರುಗಳನ್ನೂ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದು, ಪಟ್ಟಿಯ ತುದಿಗಳನ್ನು ಒಪ್ಪವಾಗಿ ಕತ್ತರಿಸಿದ್ದ. ತನ್ನ ಮೇಜಿನ ಕೆಳಗಿನ ಹಾವಿನ ಹುತ್ತವನ್ನು ನೆನೆದು ಶ್ರೀಕಂಠನಿಗೆ ಹೊಟ್ಟೆಕಿಚ್ಚಾಯಿತು.

ಅಡುಗೆಮನೆಯ ಮೂಲೆಯಲ್ಲಿ ನೀಲವ್ವ ನೆಲದ ಮೇಲೆ ಕುಳಿತಿದ್ದಳು. ಬಂದವರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. "ಬರ್ರಿ. ಚಹಾ ಮಾಡ್ತೇನಿ," ಎಂದು ಕಟ್ಟೆಯ ಮೇಲಿದ್ದ ದೊಡ್ಡ ಸ್ಟೀಲಿನ ಡಬರಿಯ ಮುಚ್ಚಳ ತೆಗೆದು ನೀರು ತೋಡಿದಳು. ಕಟ್ಟೆಯುದ್ದಕ್ಕೂ ಅಂಥ ಪಾತ್ರೆಗಳು ಸಾಲಾಗಿದ್ದವು, ಬಹುತೇಕ ಖಾಲಿ. ಶ್ರೀಕಂಠ ಬೇಡವೆನ್ನಲೂ ಆಗದೆ, ಕುಡಿಯಲೂ ಧೈರ್ಯ ಸಾಲದೆ ಆಪಾರ ಮುಖ ನೋಡಿದ.

ಆಪಾ ಮುದುಕಿಯ ಕೈ ಹಿಡಿದು ನಿಲ್ಲಿಸಿದರು. ಹಿಡಿದ ಕೈಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಉಗುರುಗಳ ಬುಡದಲ್ಲಿ ತೆಳುವಾಗಿ ನೇರಳೆ ಬಣ್ಣವಿತ್ತು.

"ಅಮ್ಮ, ತಲೆನೋವು ಇದೆಯಾ ನಿಮಗೆ?"

"ಐತ್ರಿ. ಮೂರ್ನಾಕ ದಿನ ಆತು. ಉಸಿರ ಹತ್ತತೈತಿ. ಥಂಡಿ ದೇಶ, ನನಗ ಸೇರಂಗಿಲ್ಲ."

"ಈ ನೀರನ್ನ ನೀವೂ ಕುಡಿಯೋದೇ?"

"ನಾನೂ ಕುಡಿತೇನಿ, ಕೂಸಿಗೂ ಇದರಾಗ ಹಾಲ ಕಲಸೂದು. ಇವರಿಬ್ಬರೂ ಬಾಟಲಿ ನೀರಿನವರು. ನಮ್ಮ ಊರಾಗ ಎಂಟ ದಿನಕ್ಕೊಮ್ಮೆ ನಳ ಬರ್ತಾವ್ರಿ. ತುಂಬಿ ಇಡೂದು ಕೈಗೆ ಹತ್ತಿಬಿಟ್ಟೈತಿ. ಹಸಿ ನೀರ ಕೂಸಿಗೆ ಕೊಡಬಾರದಲ್ಲ, ಅದಕ್ಕ ಹೊತ್ತಿಗೊಮ್ಮೆ ಡಬರಿ ಒಲಿ ಮ್ಯಾಲ ಇಟ್ಟು ಕಳಾ ಕಳಾ ಕುದಿಸ್ತೇನಿ."

"ಇದನ್ನ ಯಾವತ್ತು ತುಂಬಿದ್ದು?"

"ಮಂಗಳಾರ ಮಧ್ಯಾಹ್ನ. ಅವತ್ತ ಓಣ್ಯಾಗ ಮಂದಿ ಬಂದು ಆ ಬೆಂಕಿ ಆರಿಸೂ ದಪ್ಪ ನಳ ಬಿಚ್ಚಿ ಗಟಾರಕ್ಕ ನೀರ ಬಿಟ್ಟರ್ರಿ. ಒಂದ ಊರಿಗೆ ಸಾಲೂ ಅಷ್ಟ ನೀರ ಸುಮ್ಮನ ಹರದ ಹೋತು. ಹಿಂಗ ಬಿಟ್ಟರ ನಾಳಿಗೆ ನೀರ ಬರಂಗಿಲ್ಲ ಅಂತ ತಿಳಕೊಂಡು ಇದ್ದಬದ್ದ ಡಬರಿ ಎಲ್ಲಾ ತುಂಬಿ ಇಟ್ಟೆ."

"ವೈ-ಟು-ಕೆ ಬಂದ್ರೆ ಈ ಬಿಲ್ಡಿಂಗಲ್ಲಿ ಬದುಕೋದು ನಮ್ಮತ್ತೆ ಒಬ್ರೇ ಅಂತ ನಗ್ತಾ ಇದ್ವಿ," ಎಂದಳು ಮಾಧುರಿ. ಈಗ ಯಾರೂ ನಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಸೊಹೈಲ್ ಕಾಣಿಸಿದ. ನೇರ ಮೇಲಿನ ಮನೆಯ ಬ್ರಹ್ಮಚಾರಿ, ಬೆಂಗಳೂರಿನವನು, ಒಂದು ಇಂಟರ್ನೆಟ್ ಕಂಪನಿಗೆ ಜಾಹೀರಾತು ಬರೆಯುವವನು. ಮಗುವಿನ ಸಮಾಚಾರ ಕೇಳಿ, ನೀರಿನ ಮಾತು ಕಿವಿಗೆ ಬಿದ್ದಾಗ ತಡವರಿಸಿದ. "ಆಪಾ, ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ. ಮಗು ವಿಷ್ಯದ ಮುಂದೆ ಇದೇನು ಅಂತ ಸುಮ್ನಿದ್ದೆ. ನನ್ ಮೀನೆಲ್ಲ ಸತ್ತ್ಹೋದ್ವು. ಬುಧವಾರ ಬೆಳಿಗ್ಗೆ ಎದ್ ನೋಡಿದ್ರೆ ಒಂದೂ ಇಲ್ಲ. ಕಿವಿರು ತೆಗೆದು ನೋಡ್ದೆ, ಕೆಂಪಿಲ್ಲ, ಬ್ರೌನ್."

"ನೀರು ಬದಲಿಸಿದ್ದು ಯಾವಾಗ?"

"ಮಂಗಳವಾರ ಮಧ್ಯಾಹ್ನಾನೇ. ಅವತ್ತು ವರ್ಕ್ ಫ್ರಂ ಹೋಮ್. ತೊಟ್ಟಿಗೆ ಹಾಕಿ ಮಿಕ್ಕಿದ್ದು ಇನ್ನೂ ಬಕೀಟಲ್ಲೇ ಇದೆ."

ಆಪಾರ ಕಣ್ಣು ಚುರುಕಾಯಿತು. ಮೀನು ಸಾಕುವವರ ಬಳಿ ನೈಟ್ರೈಟ್ ಅಳೆಯುವ ಕಾಗದದ ಪಟ್ಟಿಗಳಿರುತ್ತವೆ. ಅವನ್ನೂ ಆ ಬಕೀಟನ್ನೂ ತರಲು ಹೇಳಿದರು. ಮೊದಲ ಪಟ್ಟಿಯನ್ನು ನಲ್ಲಿ ನೀರಿಗೆ ಹಿಡಿದರು. ಬೆಳ್ಳಗೇ ಉಳಿಯಿತು. ಎರಡನೆಯದನ್ನು ನೀಲವ್ವನ ಡಬರಿಯಲ್ಲಿ ಅದ್ದಿದರು. ನೋಡುತ್ತಿದ್ದಂತೆಯೇ ಅದು ಗುಲಾಬಿಯಾಯಿತು, ಮತ್ತೂ ಗಾಢವಾಯಿತು.

ಮಾಧುರಿ ಗೋಡೆಗೆ ಒರಗಿದಳು. ಮೂರು ದಿನಗಳಿಂದ ಬಾಯಿ ಬಿಡದಿದ್ದ ಸಂತೋಷಕುಮಾರ ಕುರ್ಚಿಯಿಂದ ಎದ್ದು ಬಂದ. "ಅವ್ವಾ," ಎಂದ, "ಏನ್ ಹಾಕಿದಿ ಇದರಾಗ?"

ಮುದುಕಿ ಮಗನ ಮುಖವನ್ನೇ ನೋಡುತ್ತ ನಿಂತಳು. ಹೆತ್ತ ಮಗನಿಂದ ಆ ಪ್ರಶ್ನೆ ಕೇಳಿಸಿಕೊಳ್ಳುವ ಬದಲು ಸತ್ತಿದ್ದರೆ ಚೆನ್ನಿತ್ತು ಎಂದು ಆ ಮುಖದಲ್ಲಿ ಬರೆದಿತ್ತು. ಶ್ರೀಕಂಠನಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು.

"ಆತುರ ಬೇಡ," ಎಂದು ಆಪಾ ಮೂರನೆಯ ಪಟ್ಟಿಯನ್ನು ಸೊಹೈಲನ ಬಕೀಟಿಗೆ ಅದ್ದಿದರು. ಅದೂ ಗುಲಾಬಿಯಾಯಿತು, ಸ್ವಲ್ಪ ತೆಳುವಾಗಿ. "ಈ ಅಮ್ಮ ನಿನ್ನ ಮನೆಗೆ ಯಾವತ್ತಾದರೂ ಬಂದಿದ್ದಾರಾ?"

"ಒಂದು ದಿನಾನೂ ಇಲ್ಲ," ಎಂದ ಸೊಹೈಲ್. "ಮೀನಿನ ವಾಸನೆ ಅಂತ ಮೆಟ್ಟಿಲೇ ಹತ್ತಲ್ಲ."

"ಹಾಗಾದರೆ ಎರಡು ಮನೆಗೆ ಬಂದ ಒಂದೇ ವಿಷ ಒಂದೇ ದಾರಿಯಲ್ಲಿ ಬಂದಿದೆ. ಪೈಪಿನಲ್ಲಿ. ಮಂಗಳವಾರ ಬಂತು, ಆಮೇಲೆ ನಲ್ಲಿ ಬಿಟ್ಟು ಬಿಟ್ಟು ತೊಳೆದು ಹೋಯ್ತು. ಹಿಡಿದಿಟ್ಟವರ ಹತ್ತಿರ ಮಾತ್ರ ಉಳಿದಿದೆ." ಆಪಾ ಸುತ್ತ ನೋಡಿದರು. "ಈ ಬಿಲ್ಡಿಂಗಿನ ಬಾಯ್ಲರ್ ಎಲ್ಲಿದೆ?"

ಚಳಿಯಲ್ಲಿ ಆರೂ ಮನೆಗಳನ್ನು ಬೆಚ್ಚಗಿಡುವ ಬಾಯ್ಲರಿನ ಕೋಣೆ ಇವರ ಮನೆಯ ಹಿಂಗೋಡೆಗೆ ಅಂಟಿಕೊಂಡೇ ಇತ್ತು. ಬೀಗದ ಕೈ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿತ್ತು. ಇನ್ನೊಂದು ಮಾಲೀಕನ ಬಳಿ. ಆಪಾ ಉಳಿದವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ಟಾರ್ಚು ಹಿಡಿಯಲು ಶ್ರೀಕಂಠನನ್ನು ಮಾತ್ರ ಒಳಗೆ ಕರೆದರು. ಕತ್ತಲು, ಸೆಕೆ. ಮೂಲೆಯಲ್ಲಿ ಬಾಯ್ಲರು ಗುರ್ರೆನ್ನುತ್ತಿತ್ತು. ಪ್ರತಿ ಶಬ್ದಕ್ಕೂ ಅವನ ಕೈಯ ಟಾರ್ಚಿನ ಬೆಳಕು ಹಾರಿತು.

"ನೆಟ್ಟಗೆ ಹಿಡಿಯಪ್ಪ," ಎಂದರು ಆಪಾ.

ಕುಡಿಯುವ ನೀರಿನ ಪೈಪಿನಿಂದ ಒಂದು ಕವಲು ಬಾಯ್ಲರಿಗೆ ಹೋಗಿತ್ತು. ನಡುವೆ ದಪ್ಪನೆಯ ಹಿತ್ತಾಳೆಯ ಕವಾಟ. ಅದರ ಹೊಟ್ಟೆಯ ಕೆಳಗೆ ನೆಲಕ್ಕೆ ಮುಖ ಮಾಡಿದ ಒಂದು ಬಾಯಿ. ಆ ಬಾಯಿಗೆ ಯಾರೋ ಮರದ ಬೂಚು ಜಡಿದಿದ್ದರು. ಬೂಚಿನ ಸುತ್ತ ಬಟ್ಟೆಯ ಚಿಂದಿ. ಅದು ಬೀಳದಂತೆ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನು ಬಿಗಿದು, ತುದಿಗಳನ್ನು ಕತ್ತರಿಸಿದ್ದರು. ಕೆಳಗಿನ ಸಿಮೆಂಟಿನ ಮೇಲೆ ಬಕೀಟು ಬಹುಕಾಲ ನಿಂತು ಮೂಡಿದ ಬಿಳಿಯ ವೃತ್ತವಿತ್ತು. ಬಾಯ್ಲರಿನ ಪಕ್ಕದಲ್ಲಿ ಬಿಳಿ ಪುಡಿಯ ಡಬ್ಬ. ಆಪಾ ಡಬ್ಬದ ಮೇಲಿನ ಅಕ್ಷರ ಓದಿ, ಯಾವುದನ್ನೂ ಮುಟ್ಟದೆ ಹೊರಬಂದು ಬಾಗಿಲು ಎಳೆದುಕೊಂಡರು.

"ಬಾಯ್ಲರ್ ನೀರಿಗೆ ತುಕ್ಕು ಹಿಡಿಯದ ಹಾಗೆ ಪುಡಿ ಹಾಕಿದ್ದಾರೆ. ಆ ಪುಡಿಯೇ ನೈಟ್ರೈಟ್," ಎಂದರು. "ಅದು ಕುಡಿಯೋ ನೀರಿಗೆ ವಾಪಸು ಬರದ ಹಾಗೆ ಕಾಯೋದಕ್ಕೆ ಒಂದು ಕವಾಟ ಇದೆ. ಅದು ಒಳಗೆ ಕೆಟ್ಟರೆ ಕೆಳಗಿನ ಬಾಯಿಯಿಂದ ನೀರು ಉಗುಳುತ್ತೆ. ಆ ಬಾಯಿಯನ್ನ ಯಾರೋ ಮುಚ್ಚಿದ್ದಾರೆ."

"ಮುಚ್ಚಿದ್ರೆ ಏನಾಗುತ್ತೆ?" ಎಂದು ಕೇಳಿದ ಸಂತೋಷಕುಮಾರ.

"ಹೊರಗೆ ಬೀಳಬೇಕಾದ ನೀರು ಹಿಂದಕ್ಕೆ ಹೋಗುತ್ತೆ. ನಿಮ್ಮ ಅಡುಗೆಮನೆಗೆ."

ಅವನು ಬಾಗಿಲಿಗೆ ಬೆನ್ನು ತಿರುಗಿಸಿದ. ನೀಲವ್ವ ಗೋಡೆಯ ಪಕ್ಕದ ಪುಟ್ಟ ಮಡಿಯನ್ನು ನೋಡುತ್ತಿದ್ದಳು. ಅಲ್ಲಿ ಮೆಂತೆ ಸೊಪ್ಪು ಒಣಗಿ ನಿಂತಿತ್ತು. "ಆ ಬಾಯಾಗ ನೀರ ಸೋರ್ತಿತ್ತರಿ. ಬಕೀಟ ಇಟ್ಟು ಇದಕ್ಕ ಹಾಕ್ತಿದ್ದೆ," ಎಂದು ತನಗೆ ತಾನೇ ಎಂಬಂತೆ ಹೇಳಿದಳು. "ದೀಪಾವಳಿ ಆದಮ್ಯಾಲ ಸೋರೂದು ನಿಂತ ಹೋತು. ಮೆಂತೆನೂ ಹೋತು."

ಆಪಾ ತಮ್ಮ ಜಲಸಂಸ್ಥೆಯ ಕಚೇರಿಗೆ ಫೋನು ಮಾಡಿ ಬಾಯ್ಲರಿನ ಕವಲನ್ನು ಮುಚ್ಚಿಸಿದರು. ನಾಳೆ ಬೆಳಿಗ್ಗೆ ಮಾಲೀಕರೂ ಸೊಹೈಲನೂ ಇರಲೇಬೇಕೆಂದರು. ವಾಪಸು ಬರುವಾಗ ಶ್ರೀಕಂಠ ಕೇಳಿದ, "ಯಾರು ಅಂತ ಗೊತ್ತಾಯ್ತಾ ಆಪಾ?"

"ಗೊತ್ತಾಯ್ತು. ಅವರಾಗಿಯೇ ಹೇಳಲಿ ಅಂತ ಒಂದು ರಾತ್ರಿ ಕೊಟ್ಟಿದ್ದೀನಿ."

ಸೋಮವಾರ ಕೌಂಟಿಯ ಅಧಿಕಾರಿಣಿ ಹೊತ್ತಿಗೆ ಸರಿಯಾಗಿ ಬಂದಳು. ಎತ್ತರದ ಬಿಳಿಯ ಹೆಂಗಸು, ನಗಬಾರದೆಂದು ಶಪಥ ಮಾಡಿದಂತಿದ್ದಳು. ಅನಂತಪದ್ಮನಾಭ ಬರುವಾಗಲೇ ಗಡಿಯಾರ ನೋಡಿಕೊಂಡ. ನೀಲವ್ವನಿಗೆ ಇಂಗ್ಲಿಷು ಬಾರದ್ದರಿಂದ ಅನುವಾದದ ಕೆಲಸ ಶ್ರೀಕಂಠನ ಹೆಗಲಿಗೆ ಬಿತ್ತು. ತಾನು ಒಂದು ಮಾತು ತಪ್ಪಿದರೆ ಒಂದು ಮಗು ಯಾರದೋ ಪಾಲಾಗುತ್ತದೆಂದು ಅವನು ಬರೆದುಕೊಳ್ಳಲು ಪೆನ್ನು ಕಾಗದ ಹುಡುಕಿದ.

ಮಜೀದಾ ಆಪಾ ಎಲ್ಲರನ್ನೂ ಕೂರಿಸಿ ನಡುವೆ ನಿಂತರು.

"ಮಂಗಳವಾರ ನಮ್ಮ ಸಂಸ್ಥೆಯವರು ಈ ಬೀದಿಯ ದೊಡ್ಡ ಪೈಪು ತೊಳೆದರು. ನೀರಿನ ಜೊತೆ ಬರೋ ಮಡ್ಡಿ ಪೈಪಿನ ತಳದಲ್ಲಿ ಕೂರುತ್ತೆ. ಬೆಂಕಿ ಆರಿಸೋ ನಲ್ಲಿ ಬಿಚ್ಚಿ ಜೋರಾಗಿ ಹರಿಸಿದರೆ ಹೋಗುತ್ತೆ. ನೀರು ಶುದ್ಧವಾಗಿರಲಿ ಅಂತಲೇ ಮಾಡೋ ಕೆಲಸ. ಆದರೆ ಆ ಹೊತ್ತಿನಲ್ಲಿ ಬೀದಿಯಲ್ಲಿ ನೀರಿನ ಒತ್ತಡ ಬೀಳುತ್ತೆ. ಬಾಯ್ಲರಿನ ಒಳಗೆ ಒತ್ತಡ ಹಾಗೇ ಇರುತ್ತೆ. ಒತ್ತಡ ಹೆಚ್ಚಿರೋ ಕಡೆಯಿಂದ ಕಡಿಮೆ ಕಡೆಗೆ ನೀರು ನುಗ್ಗಿತು. ಅದನ್ನ ತಡೆಯಬೇಕಾದ ಕವಾಟ ಮೊದಲೇ ಕೆಟ್ಟಿತ್ತು, ಕೆಟ್ಟಿದೆ ಅಂತ ಹೇಳೋ ಬಾಯಿಗೆ ಬೂಚು ಬಿದ್ದಿತ್ತು. ಬಾಯ್ಲರಿಗೆ ಹತ್ತಿರದ ಎರಡು ಮನೆಗೆ, ಇದಕ್ಕೆ ಮತ್ತು ಮೇಲಿನದಕ್ಕೆ, ವಿಷ ಬಂತು. ಮೇಲೆ ಮೀನು ಸತ್ತವು. ಕೆಳಗೆ ಈ ಅಮ್ಮ ಆ ನೀರನ್ನ ಪಾತ್ರೆಗಳಿಗೆ ತುಂಬಿಟ್ಟರು."

"ಕುದಿಸಿದ್ದಾರಲ್ಲ ಆಪಾ," ಎಂದಳು ಮಾಧುರಿ.

"ಕುದಿಸಿದರೆ ಹುಳ ಸಾಯುತ್ತೆ, ಲವಣ ಸಾಯಲ್ಲ. ಸಾರು ಬತ್ತಿಸಿದರೆ ಉಪ್ಪು ಜಾಸ್ತಿಯಾಗೋ ಹಾಗೆ, ಪ್ರತಿ ಸಲ ಕುದಿಸಿದಾಗಲೂ ನೀರು ಇಂಗಿ ವಿಷ ಗಟ್ಟಿಯಾಗ್ತಾ ಹೋಯ್ತು. ಅದಕ್ಕೇ ಬಕೀಟಿಗಿಂತ ಡಬರಿಯ ಪಟ್ಟಿ ಗಾಢ. ಅದಕ್ಕೇ ಮಗು ಮಂಗಳವಾರ ಅಲ್ಲ, ಶುಕ್ರವಾರ ಬಿತ್ತು. ಬಜೆಗೂ ಇದಕ್ಕೂ ಸಂಬಂಧ ಇಲ್ಲ. ಅಮ್ಮನ ಉಗುರು ನೋಡಿ, ಅವರೂ ನೀಲಿಯಾಗಿದ್ದಾರೆ. ವಿಷ ಹಾಕುವವರು ತಾವೇ ಅದನ್ನ ಕುಡಿಯಲ್ಲ."

ಶ್ರೀಕಂಠ ಇದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಂತೆ ಅಧಿಕಾರಿಣಿ ಮುದುಕಿಯ ಕೈ ನೋಡಿದಳು. ನೀಲವ್ವ ಆ ಕೈಗಳನ್ನು ಸೆರಗಿನೊಳಗೆ ಮರೆಮಾಡಿಕೊಂಡಳು.

"ಕವಾಟ ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಮಾಡಿಸಿ ಅಂತ ನಮ್ಮವರು ಎಷ್ಟು ಸಲ ಹೇಳಿದರೂ ಇಲ್ಲಿ ಆಗಿಲ್ಲ," ಎಂದರು ಆಪಾ.

"ನಾನೇನ್ ತುರುಕಿಲ್ಲ," ಎಂದ ಅನಂತಪದ್ಮನಾಭ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. "ನಾನು ಈ ಕಡೆ ಬಂದು ತಿಂಗಳುಗಟ್ಟಲೆ ಆಯ್ತು. ಸೋರ್ತಿದೆ ಅಂದ್ರು, ಪ್ಲಂಬರ್ ದುಬಾರಿ, ಹೇಗಾದ್ರೂ ನಿಲ್ಸಿ ಅಂದೆ. ಅಷ್ಟೆ."

"ಅಷ್ಟೆ ಅಂದರೆ ಎಷ್ಟು ಅಂತ ನಮ್ಮ ಸಂಸ್ಥೆ ನಿಮಗೆ ಹೇಳುತ್ತೆ, ಸಾರ್. ಈಗ ಬೂಚಿನ ವಿಷಯ. ಸೊಹೈಲ್ ಹತ್ತಿರ ಕೀಲಿ ಇಲ್ಲ, ಸಾಕಿದ ಮೀನನ್ನ ಕಳೆದುಕೊಂಡವನೂ ಅವನೇ. ಸೋರೋದನ್ನ ನಿಲ್ಲಿಸಬೇಕು ಅನ್ನೋ ಅಗತ್ಯ, ಗೋಡೆಗೆ ತೂಗೋ ಕೀಲಿ, ಎರಡೂ ಇರೋದು ಈ ಮನೆಯಲ್ಲಿ."

"ನಾನ ತುರುಕಿದ್ದು," ಎಂದಳು ನೀಲವ್ವ.

ಎಲ್ಲರೂ ತಿರುಗಿದರು. ಶ್ರೀಕಂಠ ಅನುವಾದ ಮರೆತು ನಿಂತ.

"ನೀರ ಪೋಲ ಆಗತಿತ್ತು. ನೋಡಾಕ ಆಗಲಿಲ್ಲ. ನಾನ ತುರುಕಿದೆ. ನನ್ನ ಊರಿಗೆ ಕಳಸ್ರಿ. ಕೂಸು ಅವರ ಅಪ್ಪ ಅವ್ವನ ಹಂತ್ಯಾಕ ಇರ್ಲಿ."

"ಯಾವುದರಿಂದ ಕಟ್ಟಿದಿರಿ ಅಮ್ಮ, ಬೂಚು ಬೀಳದ ಹಾಗೆ?" ಎಂದು ಮೆಲ್ಲಗೆ ಕೇಳಿದರು ಆಪಾ.

ಮುದುಕಿ ಸೆರಗಿನ ತುದಿಯನ್ನು ಹುರಿ ಮಾಡಿದಳು. "ಸುತಳಿಯಿಂದ."

"ಸುತಳಿ ಅಲ್ಲ. ನೀವು ಅದನ್ನ ನೋಡೇ ಇಲ್ಲ. ನೋಡಿದ್ದರೂ ಕಟ್ಟುತ್ತಿರಲಿಲ್ಲ." ಆಪಾ ಅವಳ ಪಕ್ಕದಲ್ಲೇ ಕುಳಿತರು. "ಎಂಟು ದಿನಕ್ಕೊಮ್ಮೆ ನೀರು ಕಾಣೋ ಊರಿನ ಹೆಂಗಸು ಸೋರೋ ನೀರಿಗೆ ಬೂಚು ಜಡಿಯಲ್ಲ, ಬಕೀಟು ಇಡ್ತಾಳೆ. ನೀವೂ ಇಟ್ಟಿದ್ದಿರಿ, ಅದರ ಗುರುತು ನೆಲದ ಮೇಲೆ ಇದೆ. ಸೋರೋದು ನಿಂತಿತು, ಮೆಂತೆ ಹೋಯಿತು ಅಂತ ನಿನ್ನೆ ನೊಂದುಕೊಂಡವರು ನೀವೇ. ಬಾಯಿ ಮುಚ್ಚೋದು ನೀರನ್ನ ತೊಂದರೆ ಅಂದುಕೊಂಡವರ ಕೆಲಸ. ವೈರು ಬಿಗಿಯೋ ಪಟ್ಟಿಯಿಂದ ಕಟ್ಟಿ, ತುದಿಯನ್ನ ಒಪ್ಪವಾಗಿ ಕತ್ತರಿಸೋ ಅಭ್ಯಾಸ ಇರೋರ ಕೆಲಸ."

ಯಾರೂ ಬೆರಳು ತೋರಿಸಲಿಲ್ಲ. ಆದರೂ ಎಲ್ಲರ ಕಣ್ಣು ಕಂಪ್ಯೂಟರಿನ ಮೇಜಿನ ಕಡೆಗೆ, ಅಲ್ಲಿಂದ ಸಂತೋಷಕುಮಾರನ ಕಡೆಗೆ ಹೋಯಿತು.

"ನನಗೆ ಗೊತ್ತಿರಲಿಲ್ಲ," ಎಂದ ಅವನು. ಮುಖ ಸುಣ್ಣವಾಗಿತ್ತು. "ದೇವರಾಣೆ, ಸೋರಿಕೆ ಅಂದುಕೊಂಡೆ. ಮಾಲೀಕರು ನಿಲ್ಸಿ ಅಂದ್ರು, ನಿಲ್ಸಿದೆ."

"ಬೂಚು ಹಾಕಿದಾಗ ಗೊತ್ತಿರಲಿಲ್ಲ, ಒಪ್ಪಿದೆ," ಎಂದರು ಆಪಾ. "ನಿನ್ನೆ ನಾನು ಹೇಳಿದ ಮೇಲೆ ಗೊತ್ತಾಯ್ತು. ಆಮೇಲೂ ಅಮ್ಮನನ್ನ ಆ ಮೂಲೆಯಲ್ಲೇ ಕೂರಿಸಿದೆಯಲ್ಲಪ್ಪ."

ಸಂತೋಷಕುಮಾರ ಮುಖ ಮುಚ್ಚಿಕೊಂಡ. "ಹೆದರಿದೆ ಆಪಾ. ನಾನು ಅಂತ ಗೊತ್ತಾದ್ರೆ ಮಗೂನ ನನಗೆ ಕೊಡಲ್ಲ ಅಂತ. ಬೆಳಿಗ್ಗೆ ಹೇಳೋಣ, ಅವರು ಬಂದ್ಮೇಲೆ ಹೇಳೋಣ ಅಂತ..."

ಮಾಧುರಿ ಗಂಡನ ಕಡೆ ನೋಡಲಿಲ್ಲ. ಅತ್ತೆಯ ಕಡೆ ನೋಡಿದಳು. ಕಣ್ಣಲ್ಲಿ ನೀರು ತುಂಬಿ, ಅದನ್ನು ಒರೆಸಿಕೊಳ್ಳುವುದನ್ನೂ ಮರೆತಳು.

ಅಧಿಕಾರಿಣಿ ಶ್ರೀಕಂಠನಿಂದ ಎಲ್ಲವನ್ನೂ ಎರಡು ಸಲ ಹೇಳಿಸಿಕೊಂಡಳು. ಅಜ್ಜಿಯ ಮೇಲಿನ ಅನುಮಾನ ಬಿಟ್ಟಿದ್ದೇನೆ ಎಂದಳು. ಆದರೆ ಸತ್ಯ ಗೊತ್ತಿದ್ದೂ ಮುಚ್ಚಿಟ್ಟ ತಂದೆಯಿರುವ ಮನೆಗೆ ಮಗುವನ್ನು ಹೇಗೆ ಕಳಿಸುವುದು? ಅವನು ಕೆಲಕಾಲ ಬೇರೆ ಕಡೆ ಇರುವುದು ಒಳ್ಳೆಯದೆಂದು ಅವಳ ಅಭಿಪ್ರಾಯ. ನಿಮ್ಮ ಮಗನಿಂದ ನಿಮಗೇ ಅನ್ಯಾಯವಾಗಿದೆ, ನೀವೇನು ಹೇಳುತ್ತೀರಿ ಎಂದು ನೀಲವ್ವನನ್ನು ಕೇಳಿದಳು.

ಶ್ರೀಕಂಠ ಅನುವಾದಿಸಿದ.

"ಬೂಚು ಅವನು ಹಾಕ್ಯಾನು," ಎಂದಳು ನೀಲವ್ವ. "ತುಂಬಿದಾಕಿ ನಾನು. ಕುದಿಸಿದಾಕಿ ನಾನು. ಹಾಲ ಕಲಸಿ ಕೂಸಿನ ಬಾಯಾಗ ಹಾಕಿದಾಕಿನೂ ನಾನು. ಅವನಿಗೂ ತಿಳಿದಿದ್ದಿಲ್ಲ, ನನಗೂ ತಿಳಿದಿದ್ದಿಲ್ಲ. ತಿಳಿದ ಮ್ಯಾಲ ಅವನು ಹೆದರಿ ಮುಚ್ಚಿಟ್ಟ, ನಾನೂ ಇಗೋ ಈಗ ನಿಮ್ಮೆದುರಿಗೇ ಹೆದರಿ ಸುಳ್ಳ ಹೇಳಿದೆ. ಇಬ್ಬರದೂ ಒಂದ ತಪ್ಪು. ಕಳಸೂದಾದರ ಇಬ್ಬರನ್ನೂ ಕಳಸ್ರಿ. ಇಟಗೊಳ್ಳೂದಾದರ ಇಬ್ಬರನ್ನೂ ಇಟಗೊಳ್ರಿ."

ಶ್ರೀಕಂಠ ಇಷ್ಟನ್ನೂ ಒಂದು ಮಾತು ಬಿಡದೆ ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದ. ಅಧಿಕಾರಿಣಿ ಆಪಾರತ್ತ ತಿರುಗಿ, ಆ ಪೈಪು ಎಷ್ಟು ಬೇಗ ಸರಿಹೋಗುತ್ತದೆ ಎಂದು ಕೇಳಿದಳು. ಹೊಸ ಕವಾಟ ಕೂತು, ನೀರು ಪರೀಕ್ಷೆಯಾಗುವ ತನಕ ಬಾಯ್ಲರು ಓಡುವುದಿಲ್ಲ, ಆರೂ ಮನೆಗೆ ಮಾಲೀಕರೇ ವಿದ್ಯುತ್ ಹೀಟರು ಕೊಡಿಸುತ್ತಾರೆ ಎಂದರು ಆಪಾ. ಅನಂತಪದ್ಮನಾಭ ಒಂದು ಹೀಟರಿಗೆ ಎಷ್ಟು ಬೀಳುತ್ತದೆಂದು ಸೊಹೈಲನನ್ನು ಕೇಳಿದ.

ಮೂರು ದಿನಗಳ ಮೇಲೆ, ಹೊಸ ಕವಾಟ ಕೂತು ನೀರಿನ ಪರೀಕ್ಷೆಯೂ ಮುಗಿದಾಗ, ಚಿನ್ಮಯಿ ಮನೆಗೆ ಬಂದಳು. ಅಜ್ಜಿಯೂ ಅಲ್ಲಿದ್ದಳು, ತಂದೆಯೂ ಇದ್ದ. ವಾರಕ್ಕೊಮ್ಮೆ ಬಂದು ನೋಡುತ್ತೇನೆಂದು ಅಧಿಕಾರಿಣಿ ಹೇಳಿದ್ದಳು. ಆಪಾರನ್ನು ಕರೆತಂದಿದ್ದ ಶ್ರೀಕಂಠ ತೊಟ್ಟಿಲಿನ ಬಳಿ ನಿಂತು ಮಗುವಿನ ಉಗುರು ನೋಡಿದ. ಎಲ್ಲವೂ ಕೆಂಪಗಿದ್ದವು.

ಸ್ವಲ್ಪ ಹೊತ್ತಿಗೆ ಮಗು ಹಸಿದು ಅತ್ತಿತು. ಯಾರೂ ಅಲುಗಾಡಲಿಲ್ಲ. ಅಡುಗೆಮನೆಯ ನಲ್ಲಿ ಅಲ್ಲೇ ಇತ್ತು, ಹಾಲಿನ ಪುಡಿಯೂ ಇತ್ತು. ನೀಲವ್ವ ಸೀಸೆಯನ್ನು ಕೈಗೆತ್ತಿಕೊಂಡು ಕೆಳಗಿಟ್ಟಳು. "ನಾ ಒಲ್ಲೆವ್ವಾ," ಎಂದಳು ಸೊಸೆಗೆ. "ಈ ಕೈಯಿಂದ ಬ್ಯಾಡ. ನೀನ ಕಲಸು."

ಸಂತೋಷಕುಮಾರ ಎದ್ದು ಬಂದ. ಒಂದು ಲೋಟಕ್ಕೆ ನಲ್ಲಿ ನೀರು ಹಿಡಿದು, ಅವ್ವನ ಎದುರಿಗೆ ನಿಂತು, ಕಡೆಯ ಹನಿಯ ತನಕ ಕುಡಿದ. ಇನ್ನೊಂದು ಲೋಟ ತುಂಬಿ ಕೈಯಲ್ಲಿ ಹಿಡಿದುಕೊಂಡು ಹೇಳಿದ, "ನಾ ಇಲ್ಲೇ ಕುಂದರ್ತೇನವ್ವಾ. ಒಂದ ತಾಸ ನೋಡು. ನನಗೇನೂ ಆಗಲಿಲ್ಲ ಅಂದ್ರ ಕೊಡು."

ಮುದುಕಿ ಮಗನ ಉಗುರುಗಳನ್ನು ನೋಡಿದಳು, ಮುಖ ನೋಡಿದಳು. ಅಳುವ ಮಗುವಿನ ಕಡೆ ತಿರುಗಿದಳು.

"ಕೂಸು ಒಂದ ತಾಸ ತಡಿಯಂಗಿಲ್ಲೋ," ಎಂದು ಅವನ ಕೈಯಿಂದ ಲೋಟ ತೆಗೆದುಕೊಂಡು, ತಾನೊಂದು ಗುಟುಕು ಕುಡಿದು, ಉಳಿದದ್ದನ್ನು ಹಾಲಿಗೆ ಕಾಯಿಸಲು ಒಲೆಯ ಮೇಲಿಟ್ಟಳು.